ಜಾಲ ಸೇರೋದಾ, ಜೋಡಿ ಹುಡುಕೋದಾ?

ನಿಮ್ಮ ಊರಿನ ಪಾಲಿಕೆ ಜೋರು ಮಳೆಗೆ ತಯಾರಾಗಲು ಬೇರೆ ನಗರಗಳಿಂದ ಕಲಿಯಬೇಕು ಅಂದುಕೊಳ್ಳಿ. ಎರಡು ದಾರಿ ಇವೆ.

ಒಂದು, ಹಲವು ನಗರಗಳ ದೊಡ್ಡ ಜಾಲ. ಅಮೆರಿಕದ ದತ್ತಿ ಸಂಸ್ಥೆ ರಾಕ್‌ಫೆಲರ್ ಫೌಂಡೇಶನ್ 2013ರಲ್ಲಿ ಶುರು ಮಾಡಿದ '100 ರೆಸಿಲಿಯೆಂಟ್ ಸಿಟೀಸ್' (ಆಪತ್ತು ತಡೆದುಕೊಂಡು ಚೇತರಿಸಿಕೊಳ್ಳುವ 100 ನಗರ) ಜಾಲದಲ್ಲಿ ಚೆನ್ನೈ, ಸೂರತ್, ಪುಣೆ ಇದ್ದವು. ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿಯನ್ನು ಇಟ್ಟುಕೊಳ್ಳಲು ಹಣವೂ ಸಿಗುತ್ತಿತ್ತು. 2019ರಲ್ಲಿ ಫೌಂಡೇಶನ್ ಆ ಕಾರ್ಯಕ್ರಮ ನಿಲ್ಲಿಸಿತು. ಬೇರೆಯವರ ದುಡ್ಡು, ಅಲ್ವಾ? ಜಾಲವೇನೋ ಬೇರೆ ಹೆಸರಲ್ಲಿ ಉಳಿದಿದೆ.

ಇನ್ನೊಂದು, ಜೋಡಿ, ಅಂದರೆ ಒಂದೇ ಒಂದು ನಗರದ ಜೊತೆ ಕೈಜೋಡಿಸೋದು. 2011ರ ಜುಲೈ 2ರಂದು ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಎರಡು ಗಂಟೆಯಲ್ಲಿ ಸುಮಾರು 150 ಮಿ.ಮೀ. ಮಳೆ ಸುರಿದು ಮನೆಗಳ ನೆಲಮಾಳಿಗೆಗೆಲ್ಲ ನೀರು ನುಗ್ಗಿತು. ಮರುವರ್ಷ ನ್ಯೂಯಾರ್ಕ್‌ಗೆ ಸ್ಯಾಂಡಿ ಚಂಡಮಾರುತ ಅಪ್ಪಳಿಸಿತು. 2015ರಲ್ಲಿ ಎರಡೂ ನಗರ ಒಂದರಿಂದೊಂದು ಕಲಿಯಲು ಒಪ್ಪಂದ ಮಾಡಿಕೊಂಡವು. ನ್ಯೂಯಾರ್ಕ್‌ನ ಕ್ವೀನ್ಸ್ ಭಾಗದ ಒಂದು ಸರ್ಕಾರಿ ವಸತಿ ಸಮುಚ್ಚಯಕ್ಕೆ ತಗ್ಗಿನಲ್ಲಿರುವ ಬಾಸ್ಕೆಟ್‌ಬಾಲ್ ಅಂಕಣದ ಯೋಜನೆ ಬಂದದ್ದು ಈ ಕಲಿಕೆಯಿಂದಲೇ. ಮಾಮೂಲಿ ದಿನ ಹುಡುಗರ ಆಟ. ಮಳೆ ಜಾಸ್ತಿಯಾದರೆ ನೀರು ಅಲ್ಲೇ ನಿಂತು, ಆಮೇಲೆ ನಿಧಾನಕ್ಕೆ ಚರಂಡಿಗೆ ಇಳಿಯುತ್ತದೆ.

ತೊಂದರೆ ಎಲ್ಲಿದೆ ಅಂತಲೇ ಗೊತ್ತಿಲ್ಲದಿದ್ದರೆ ಜಾಲ ಸೇರಿ. ಯಾವ ಬೀದಿಯಲ್ಲಿ ನೀರು ನಿಲ್ಲುತ್ತದೆ ಅಂತ ಗೊತ್ತಿದ್ದರೆ ಸುಮ್ನೆ ಸಮ್ಮೇಳನ ಯಾಕೆ? ನಿಮ್ಮಂಥದ್ದೇ ಪಾಡು ಪಟ್ಟ ಒಂದು ನಗರ ಹಿಡಿಯಿರಿ, ಎಂಜಿನಿಯರ್‌ಗಳನ್ನೇ ಕಳಿಸಿ.