14 ಜನರಿಗೆ ಹೆಣೆದು ಕೊಡಲು ಹೊರಟು ನಾನು ಕೆಟ್ಟ ಕಥೆ

ಹೋದ ವರ್ಷ ನವೆಂಬರ್ ಮೊದಲ ವಾರದಲ್ಲಿ ಕೂತು ಒಂದು ಪಟ್ಟಿ ಬರೆದೆ. ವರ್ಷದ ಕೊನೆಯ ರಜೆಗೆ ಯಾರಿಗೆಲ್ಲ ಕೈಯಾರೆ ಹೆಣೆದ ಉಡುಗೊರೆ ಕೊಡಬೇಕು ಅಂತ. ಮೊದಲು ಇದ್ದದ್ದು ನಾಲ್ಕೇ ಹೆಸರು, ನಾಲ್ವರೂ ಆಪ್ತರು. ಆಮೇಲೆ ಆಫೀಸಿನಲ್ಲಿ ಪಕ್ಕದ ಮೇಜಿನವರು ಸೇರಿದರು. ಅವರಿಗೆ ಕೊಟ್ಟು ಎದುರಿನವರಿಗೆ ಕೊಡದಿದ್ದರೆ ಚೆನ್ನಾಗಿರಲ್ಲ, ಅಲ್ವಾ? ಮೇಲಿನ ಮನೆಯವರು, ಮಗಳ ಗೆಳತಿಯ ಅಮ್ಮ, ಹೀಗೆ ಬೆಳೆದು ಬೆಳೆದು 14 ಆಯಿತು. ಎಲ್ಲ ಎಡವಟ್ಟೂ ಶುರುವಾದದ್ದು ಆ ಪಟ್ಟಿಯಿಂದಲೇ.

ಅವತ್ತೇ ಐದು ನಿಮಿಷ ಕೂತು ಲೆಕ್ಕ ಹಾಕಿದ್ದರೆ ಸಾಕಿತ್ತು. ನನ್ನ ಕೈಗೆ ಒಂದು ಟೊಪ್ಪಿ 8 ಗಂಟೆ, ಒಂದು ಮಫ್ಲರ್ 20 ಗಂಟೆ. 9 ಟೊಪ್ಪಿ, 5 ಮಫ್ಲರ್ ಅಂದರೆ 172 ಗಂಟೆ. ಇದ್ದದ್ದು ಏಳು ವಾರ. ಒಂದು ದಿನವೂ ತಪ್ಪದೆ ದಿನಕ್ಕೆ ಮೂರೂವರೆ ಗಂಟೆ ಹೆಣೆಯಬೇಕು. ತಪ್ಪಿದ್ದನ್ನು ಬಿಚ್ಚುವುದು, ನೂಲಿನ ತುದಿಗಳನ್ನು ಒಳಗೆ ಸೇರಿಸುವುದು, ಒಗೆದು ಒಣಗಿಸುವುದು ಇದರಲ್ಲಿ ಸೇರಿಲ್ಲ. ನಾನು ಈ ಲೆಕ್ಕ ಹಾಕಿದ್ದು ಡಿಸೆಂಬರ್ ಎರಡನೇ ವಾರ.

ಅವಸರ ಅಂತ, ಅಳತೆ ಸರಿ ಬರುತ್ತದಾ ಎಂದು ಮೊದಲು ಒಂದು ಚಿಕ್ಕ ಮಾದರಿ ತುಂಡು ಹೆಣೆದು ನೋಡಲಿಲ್ಲ. 10 ಸೆಂಟಿಮೀಟರಿಗೆ 22 ಕುಣಿಕೆ ಬರಬೇಕಾದ ಕಡೆ ನನಗೆ 20 ಬರುತ್ತಿತ್ತು. ಎರಡೇ ತಾನೇ ಅನ್ನಬೇಡಿ. 110 ಕುಣಿಕೆಯ ಟೊಪ್ಪಿ 50 ಸೆಂಟಿಮೀಟರ್ ಸುತ್ತಳತೆ ಬರಬೇಕಿತ್ತು, 55 ಬಂತು. ಹಾಕಿಕೊಂಡರೆ ಕಣ್ಣಿನ ಮೇಲೆ ಇಳಿಯುತ್ತದೆ. ಎರಡು ಟೊಪ್ಪಿ ಪೂರ್ತಿ ಬಿಚ್ಚಿದೆ.

ಮುಂದೆ ನೀಲಿ ಮಫ್ಲರ್. ನೂಲು ಸಾಲದೆ ಅದೇ ಕಂಪನಿಯದು, ಅದೇ ಬಣ್ಣದ ನಂಬರಿನದು ಇನ್ನೊಂದು ಉಂಡೆ ತಂದೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದರೆ ಮಧ್ಯಕ್ಕೆ ಗೆರೆ ಎಳೆದ ಹಾಗೆ ಎರಡು ನೀಲಿ. ಬಣ್ಣದ ನಂಬರ್ ಒಂದೇ ಇದ್ದರೆ ಸಾಲದು, ಉಂಡೆಗೆ ಸುತ್ತಿದ ಕಾಗದದ ಮೇಲಿನ ಡೈ ಲಾಟ್ ನಂಬರೂ, ಅಂದರೆ ಯಾವ ಸಲ ಬಣ್ಣ ಅದ್ದಿದ್ದು ಅಂತ ಹೇಳುವ ನಂಬರೂ, ಒಂದೇ ಇರಬೇಕು. ಪ್ರತಿ ಸಲ ಬಣ್ಣ ಅದ್ದಿದಾಗಲೂ ಒಂದು ಚೂರು ಹೆಚ್ಚುಕಡಿಮೆ ಆಗುತ್ತದೆ. ಕೆಂಪು ಬಿಳಿ ಟೊಪ್ಪಿಯ ಕಥೆ ಇನ್ನೂ ಚಿಕ್ಕದು: ನೀರಿಗೆ ಹಾಕಿದೆ, ಗುಲಾಬಿ ಆಯಿತು.

ಡಿಸೆಂಬರ್ ಹೊತ್ತಿಗೆ ರಾತ್ರಿ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜುಮ್ ಅನ್ನಲು ಶುರುವಾಯಿತು. ಕೈ ಕೊಡವಿದರೆ ಸರಿಹೋಗುತ್ತಿತ್ತು, ಅದಕ್ಕೇ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ಲೋಟ ಕೈಜಾರಿ ಬಿತ್ತು. ಮಣಿಕಟ್ಟಿನಲ್ಲಿ ನರ ಒತ್ತುತ್ತಿದೆ, ಹೆಣಿಗೆಯ ಕಡ್ಡಿ ಮುಟ್ಟಲೇಬೇಡಿ ಅಂದರು ಡಾಕ್ಟರು. ಜುಮ್ ಅಂದ ಮೊದಲ ದಿನವೇ ನಿಲ್ಲಿಸಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ. ನಿಮಗೆ ಹಾಗಾದರೆ ದಯವಿಟ್ಟು ಅವತ್ತೇ ನಿಲ್ಲಿಸಿ.

ಕೊನೆಗೆ ಮುಗಿದದ್ದು 10. ಆಪ್ತರಿಗೆ ಕೊಟ್ಟದ್ದು ಚೆನ್ನಾಗಿಯೇ ಆಯಿತು, ಒಂದನ್ನು ಬಿಟ್ಟು. ಬರೀ ಪರಿಚಯದವರ ಮುಖ ನೋಡಬೇಕಿತ್ತು ನೀವು. ಖುಷಿಗಿಂತ ಗಾಬರಿಯೇ ಜಾಸ್ತಿ. ನಮ್ಮಿಂದ ಏನೂ ತಂದಿಲ್ಲವಲ್ಲ, ಇಷ್ಟೆಲ್ಲ ಯಾಕೆ ಮಾಡಿದಿರಿ ಅಂತ. ಒಬ್ಬರು ಕತ್ತಿಗೆ ಸುತ್ತಿಕೊಂಡು ಎರಡು ನಿಮಿಷಕ್ಕೆ ತೆಗೆದರು, ಉಣ್ಣೆ ಚುಚ್ಚುತ್ತದೆ ಅಂದರು. ಅವರದು ತಪ್ಪಲ್ಲ. ದಪ್ಪ ಎಳೆಯ ಉಣ್ಣೆ ಚುಚ್ಚಿಯೇ ಚುಚ್ಚುತ್ತದೆ. ಕತ್ತಿಗೆ ಮೆರಿನೋ ಕುರಿಯ ಉಣ್ಣೆ ಥರ ಸಣ್ಣ ಎಳೆಯದು ಬೇಕು. ಕೇಳದೆ ಹೆಣೆದವಳು ನಾನು.

ಆ ಒಂದು ಅಂದೆನಲ್ಲ, ಅದು ಹಳೆಯ ಗೆಳತಿಯದು. ಹಸಿರು ಟೊಪ್ಪಿ, ಹೆಣಿಗೆಯಲ್ಲೇ ಜಡೆ ಬರುವ ವಿನ್ಯಾಸ, ಹೆಣೆದದ್ದರಲ್ಲೆಲ್ಲ ಚೆಂದ ಬಂದದ್ದು. ಅವಳು ಅದನ್ನು ಬಿಸಿನೀರಿನಲ್ಲಿ ಮೆಷೀನಿಗೆ ಹಾಕಿದಳು. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಮೇಲೆ ಇರುವ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತದೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಥರ ಗಟ್ಟಿಯಾಗಿ ಕುಗ್ಗುತ್ತವೆ. ಮತ್ತೆ ಬಿಡಿಸಲು ಆಗುವುದಿಲ್ಲ. ಟೊಪ್ಪಿ ಗೊಂಬೆಯ ಅಳತೆಗೆ ಬಂದಿತ್ತು. ಫೋನಿನಲ್ಲಿ ಅತ್ತಳು ಪಾಪ. ತಣ್ಣೀರಿನಲ್ಲಿ ಕೈಯಲ್ಲೇ ಒಗೆಯಬೇಕು ಅಂತ ಒಂದು ಚೀಟಿ ಇಡಲಿಲ್ಲ ನಾನು. ಇಲ್ಲವೇ ಮೆಷೀನಿಗೆ ಹಾಕಬಹುದಾದ ಸೂಪರ್‌ವಾಶ್ ಉಣ್ಣೆಯನ್ನಾದರೂ ತರಬೇಕಿತ್ತು.

ಈ ಸಲ ಪಟ್ಟಿಯಲ್ಲಿ ಮೂರೇ ಹೆಸರು. ಮೂವರನ್ನೂ ಕೇಳಿದ್ದೇನೆ: ಬೇಕಾ, ಯಾವ ಬಣ್ಣ, ಮನೆಯಲ್ಲಿ ಬಟ್ಟೆ ಹೇಗೆ ಒಗೆಯುತ್ತೀರಿ. ಒಬ್ಬಳು ಬೇಡ ಅಂದಳು. ಎಷ್ಟು ಹಾಯೆನಿಸಿತು ಗೊತ್ತಾ! ಹೋದ ವರ್ಷದ ಹನ್ನೊಂದನೆಯ ಉಡುಗೊರೆ, ಒಂದು ಮಫ್ಲರ್, ಅರ್ಧ ಆಗಿ ಇನ್ನೂ ಕಡ್ಡಿಯ ಮೇಲೇ ಇದೆ. ಮೇಲಿನ ಮನೆಯವರಿಗೆ ಅಂತ ಶುರು ಮಾಡಿದ್ದು. ಅವರಿಗೆ ಅದು ಗೊತ್ತೇ ಇಲ್ಲ, ಮೆಟ್ಟಿಲ ಹತ್ತಿರ ಸಿಕ್ಕಾಗ ನಗುತ್ತಾರೆ, ನಾನೂ ನಗುತ್ತೇನೆ.