ಸ್ಪರಿಯರ್ಸ್ ಗ್ರಿಡಾಯರ್ನ್ ಗ್ರಿಲ್, ಗೇನ್ಸ್‌ವಿಲ್: ಪ್ಲೇಟ್ ನೋಡಿದ್ದಕ್ಕಿಂತ ಗೋಡೆ ನೋಡಿದ್ದೇ ಜಾಸ್ತಿ

ಫ್ಲಾರಿಡಾದಲ್ಲಿ ಐ-75 ಹೈವೇ ಹಿಡಿದು ಒರ್ಲ್ಯಾಂಡೋ ಕಡೆ ಹೋಗೋರು ಗೇನ್ಸ್‌ವಿಲ್ ಹತ್ರ ಊಟಕ್ಕೆ ನಿಲ್ಲಿಸ್ತೀರಾ ಅಂದ್ರೆ ಆರ್ಚರ್ ರೋಡ್ ಎಕ್ಸಿಟ್ ತಗೊಳ್ಳಿ, ಪಕ್ಕದಲ್ಲೇ ಸೆಲೆಬ್ರೇಷನ್ ಪಾಯಿಂಟ್ ಅಂತ ಶಾಪಿಂಗ್ ಏರಿಯಾ ಇದೆ, ಈ ರೆಸ್ಟೋರೆಂಟ್ ಅಲ್ಲೇ ಇರೋದು. 2021ರಲ್ಲಿ ಶುರುವಾಗಿದ್ದು. ಹೆಸರು ಅಮೆರಿಕನ್ ಫುಟ್‌ಬಾಲ್ ಆಟಗಾರ, ಆಮೇಲೆ ಕೋಚ್ ಆದ ಸ್ಟೀವ್ ಸ್ಪರಿಯರ್ ಅವರದ್ದು. ಅವರು ಅಂದ್ರೆ ಈ ಊರಲ್ಲಿ ದೇವರಿಗಿಂತ ಅರ್ಧ ಇಂಚು ಕಮ್ಮಿ ಅಷ್ಟೇ, ಇಲ್ಲಿನ ಫ್ಲಾರಿಡಾ ಯೂನಿವರ್ಸಿಟಿ ಸ್ಟೇಡಿಯಂನ ಮೈದಾನಕ್ಕೇ ಅವರ ಹೆಸರಿದೆ.

ಊಟದ ವಿಷ್ಯ ಬೇಗ ಮುಗಿಸ್ತೀನಿ. ಬರ್ಗರ್, ಸ್ಟೇಕ್, ಮೀನು, ಅಮೆರಿಕದ ಮಾಮೂಲಿ ಊಟವೇ, ಆದ್ರೆ ನೀಟಾಗಿ ಮಾಡ್ತಾರೆ. ಸ್ಟೂಡೆಂಟ್ ಬಜೆಟ್ ಜಾಗ ಅಲ್ಲ. ವೆಜ್ ಮಾತ್ರ ತಿನ್ನೋರು ಹೋಗೋ ಮುಂಚೆ ಆನ್‌ಲೈನ್‌ನಲ್ಲಿ ಮೆನು ನೋಡ್ಕೊಂಡು ಹೋಗಿ. ಸರ್ವ್ ಮಾಡಿದ ಹುಡುಗಿ ನಾವು ಗೋಡೆ ನೋಡ್ಕೊಂಡು ಓಡಾಡ್ತಿದ್ರೂ ಒಂದ್ಸಲಾನೂ ಮುಖ ಸಿಂಡರಿಸ್ಲಿಲ್ಲ, ಟಿಪ್ ಖುಷಿಯಿಂದಾನೇ ಕೊಟ್ವಿ.

ಈಗ ಗೋಡೆಗೆ ಬರೋಣ, ನಾನು ಐದಕ್ಕೆ ಐದು ಕೊಡ್ತಿರೋದು ಅದಕ್ಕೇ. ಬೇರೆ ಊರಲ್ಲಿ ಆಟಗಾರನ ಹೆಸರಿಟ್ಕೊಂಡಿರೋ ಒಂದು ಸ್ಪೋರ್ಟ್ಸ್ ಬಾರ್‌ಗೆ ಹೋಗಿದ್ದೆ, ಹೆಸರು ಬೇಡ ಬಿಡಿ, ಒಂದು ಜೆರ್ಸಿಗೆ ಫ್ರೇಮ್ ಹಾಕಿ ನೇತಾಕಿ ದುಪ್ಪಟ್ಟು ರೇಟ್ ತಗೊಂಡ್ರು. ಇಲ್ಲಿ ಹಾಗಲ್ಲ, ಮನುಷ್ಯನ ಇಡೀ ಜೀವನಾನೇ ತಂದು ಇಟ್ಟಿದ್ದಾರೆ, 1966ರ ಹೈಸ್‌ಮನ್ ಟ್ರೋಫಿ ಸಮೇತ. ಕಾಲೇಜ್ ಫುಟ್‌ಬಾಲ್‌ನಲ್ಲಿ ಆ ವರ್ಷದ ಬೆಸ್ಟ್ ಆಟಗಾರನಿಗೆ ಕೊಡೋದು ಅದು.

ನನ್ನ ಜೊತೆ ಮೈಸೂರಿಂದ ಬಂದಿದ್ದ ಭಾವ ಇದ್ರು. ಈ ಆಟದ ಗಂಧಗಾಳಿ ಇಲ್ಲ. ಸ್ಪರಿಯರ್ ಆಡ್ತಿದ್ದಿದ್ದು ಕ್ವಾರ್ಟರ್‌ಬ್ಯಾಕ್ ಆಗಿ, ಕ್ವಾರ್ಟರ್‌ಬ್ಯಾಕ್ ಅಂದ್ರೆ ಬಾಲ್ ಮೊದಲು ಇವನ ಕೈಗೇ ಬರೋದು ಭಾವ, ಎದುರಿಗೆ ನಾಲ್ಕೈದು ಜನ ದಾಂಡಿಗರು ಬಂದು ಬೀಳೋದ್ರೊಳಗೆ, ಅಂದ್ರೆ ಎರಡು ಮೂರು ಸೆಕೆಂಡಲ್ಲಿ, ಯಾರಿಗೆ ಎಸೀಬೇಕು ಅಂತ ಡಿಸೈಡ್ ಮಾಡ್ಬೇಕು ಅಂತ ಹೇಳ್ದೆ. ಆಮೇಲೆ 1966ರಲ್ಲಿ ಆಬರ್ನ್ ಯೂನಿವರ್ಸಿಟಿ ವಿರುದ್ಧ ಆಡಿದ ಮ್ಯಾಚ್ ಕಥೆ. ಸ್ಕೋರ್ 27-27, ಟೈಮ್ ಮುಗೀತಾ ಬಂದಿದೆ, 40 ಯಾರ್ಡ್ ದೂರದಿಂದ ಕಿಕ್ ಹೊಡೀಬೇಕು, ಅದಕ್ಕೆ ಅಂತಾನೇ ಟೀಮಲ್ಲಿ ಬೇರೆ ಕಿಕ್ಕರ್ ಇದ್ದ, ಈ ಮಹಾಶಯ ನಾನೇ ಹೊಡೀತೀನಿ ಅಂತ ನಿಂತು ಹೊಡೆದು ಗೆಲ್ಸಿಬಿಟ್ರು. ಹೈಸ್‌ಮನ್ ಅವತ್ತೇ ಗ್ಯಾರಂಟಿ ಆಯ್ತು ಅಂತಾರೆ ಇಲ್ಲಿನ ಹಳಬರು. ಬಂದ ಟ್ರೋಫಿನ ಸ್ಪರಿಯರ್ ಯೂನಿವರ್ಸಿಟಿ ಪ್ರೆಸಿಡೆಂಟ್ ಕೈಗೆ ಕೊಟ್ಟುಬಿಟ್ರು, ಸ್ಟೂಡೆಂಟ್ಸ್ ದುಡ್ಡು ಸೇರಿಸಿ ಇನ್ನೊಂದು ಮಾಡ್ಸಿಕೊಟ್ರು, ಆಮೇಲಿಂದ ಆಟಗಾರನಿಗೊಂದು ಕಾಲೇಜಿಗೊಂದು ಅಂತ ಎರಡು ಕೊಡೋ ಪದ್ಧತಿನೇ ಬಂತು.

ಗೋಡೇಲಿ ಜಾಸ್ತಿ ಇರೋದು ಫ್ಲಾರಿಡಾದ ಕಿತ್ತಳೆ-ನೀಲಿನೇ, ಅದು ಸಹಜ. 1990ರಿಂದ 2001ರವರೆಗೆ ಇಲ್ಲಿ ಕೋಚ್ ಆಗಿ 122 ಗೆಲುವು, 27 ಸೋಲು, ಒಂದು ಟೈ. 1996ರ ಸೀಸನ್ನಿನ ಫೈನಲ್‌ನಲ್ಲಿ ಪಕ್ಕದೂರಿನ ಬದ್ಧವೈರಿ ಫ್ಲಾರಿಡಾ ಸ್ಟೇಟ್ ಮೇಲೆ 52-20. ಅದೇ ವರ್ಷ ಇವರ ಕ್ವಾರ್ಟರ್‌ಬ್ಯಾಕ್ ಡ್ಯಾನಿ ವರ್ಫಲ್‌ಗೂ ಹೈಸ್‌ಮನ್, ಅಂದ್ರೆ ಹೈಸ್‌ಮನ್ ಗೆದ್ದವರೊಬ್ಬರು ಕೋಚ್ ಆಗಿ ಇನ್ನೊಬ್ಬ ಹೈಸ್‌ಮನ್ ವಿನ್ನರ್‌ನ ತಯಾರು ಮಾಡಿದ್ದು ಅದೇ ಮೊದಲು. ಆದ್ರೆ ನನ್ನ ಕೇಳಿದ್ರೆ ಈ ಗೆದ್ದ ಕಥೆ ಎಲ್ಲರಿಗೂ ಗೊತ್ತು, ದುಡ್ಡು ಕೊಟ್ಟು ಕೂತ್ಕೊಂಡ ಮೇಲೆ ನೀವು ಹುಡುಕಬೇಕಾಗಿರೋದು ಪ್ರೊಫೆಷನಲ್ ಆಟದ ಕಥೆನ, ಮಜಾ ಇರೋದು ಅಲ್ಲಿ.

1967ರ ಡ್ರಾಫ್ಟ್‌ನಲ್ಲಿ, ಅಂದ್ರೆ ಪ್ರೊ ಟೀಮುಗಳು ಸರದಿ ಪ್ರಕಾರ ಕಾಲೇಜ್ ಆಟಗಾರರನ್ನ ಆರಿಸ್ಕೊಳ್ಳೋದ್ರಲ್ಲಿ, ಮೂರನೇ ಆಯ್ಕೆ ಆಗಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್‌ಗೆ ಹೋದ ಹುಡುಗ ಅಲ್ಲಿ ಜಾನ್ ಬ್ರೋಡಿ ಹಿಂದೆ ಬೆಂಚ್ ಕಾಯ್ಕೊಂಡು, ಪಂಟ್ ಒದ್ಕೊಂಡು (ಬಾಲ್‌ನ ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಕೊಡೋದು) ವರ್ಷಗಟ್ಟಲೆ ಇದ್ದ. 1976ರಲ್ಲಿ ಹೊಸದಾಗಿ ಹುಟ್ಟಿದ ಟ್ಯಾಂಪಾ ಬೇ ಬಕನಿಯರ್ಸ್‌ಗೆ ಕಳಿಸಿದ್ರು, ಆ ಟೀಮ್ 14 ಮ್ಯಾಚ್ ಆಡಿ 14ಕ್ಕೆ 14 ಸೋತಿತು. ಮಾರನೇ ವರ್ಷ ಟೀಮಿಂದಾನೇ ತೆಗೆದ್ರು. ಅಸಿಸ್ಟೆಂಟ್ ಕೋಚ್ ಆಗಿ 1978ರಲ್ಲಿ ಫ್ಲಾರಿಡಾ, 1979ರಲ್ಲಿ ಜಾರ್ಜಿಯಾ ಟೆಕ್, ಎರಡೂ ಕಡೆ ಹೆಡ್ ಕೋಚ್ ಬದಲಾದ್ರು ಅಂತ ಇವರಿಗೂ ಗೇಟ್ ಪಾಸ್.

ಅಲ್ಲಿಂದ ಡ್ಯೂಕ್ ಯೂನಿವರ್ಸಿಟಿ, ಅಲ್ಲಿಂದ 1983ರಲ್ಲಿ ಟ್ಯಾಂಪಾ ಬೇ ಬ್ಯಾಂಡಿಟ್ಸ್. ಇದು ಯುಎಸ್‌ಎಫ್‌ಎಲ್ ಅನ್ನೋ ಹೊಸ ಲೀಗ್ ಟೀಮು, ಸಿನಿಮಾ ನಟ ಬರ್ಟ್ ರೆನಾಲ್ಡ್ಸ್ ಒಬ್ಬ ಪಾಲುದಾರ. ಇಲ್ಲಿ ಮೊದಲ ಸಲ ಹೆಡ್ ಕೋಚ್ ಆದ ಸ್ಪರಿಯರ್ ಮಾಡಿದ್ದು ಒಂದೇ ಕೆಲ್ಸ, ಬಾಲ್ ಎಸೆಯೋದು, ಎಸೆಯೋದು, ಮತ್ತೆ ಎಸೆಯೋದು, ಆಗಿನ ಕಾಲದಲ್ಲಿ ಬಾಲ್ ಹಿಡ್ಕೊಂಡು ಓಡೋದೇ ಗಂಡಸ್ತನ ಅಂದ್ಕೊಂಡಿದ್ದೋರು ಬಾಯಿ ಬಿಟ್ಕೊಂಡು ನೋಡಿದ್ರು. ಮೂರು ಸೀಸನ್ನಲ್ಲಿ 35 ಗೆದ್ದು 19 ಸೋತ್ರು. ಲೀಗ್ ಮಾತ್ರ ಮುಳುಗ್ತು. ಅಮೆರಿಕದ ದೊಡ್ಡ ಪ್ರೊ ಲೀಗ್ ಎನ್‌ಎಫ್‌ಎಲ್ ಮೇಲೆ ಕೇಸ್ ಹಾಕಿ 1986ರಲ್ಲಿ ಗೆದ್ರು, ಪರಿಹಾರ ಒಂದು ಡಾಲರ್, ಕಾನೂನು ಪ್ರಕಾರ ಮೂರು ಪಟ್ಟು ಮಾಡಿದ್ರೆ ಮೂರು ಡಾಲರ್! ಭಾವ ಫ್ರೈಸ್ ತಿಂತಾ ಇದ್ದೋರು ನಕ್ಕೂ ನಕ್ಕೂ ಕೆಮ್ಮಿದ್ರು.

ವಾಷಿಂಗ್ಟನ್ ಕಥೆ ಬಂದಾಗ ಅವರೇ ಕೇಳಿದ್ರು, "ಅಲ್ಲಪ್ಪಾ, ಕಾಲೇಜಲ್ಲಿ ಇಷ್ಟು ಗೆದ್ದೋನು ದೊಡ್ಡ ಲೀಗಲ್ಲಿ ಯಾಕೆ ಮಲಗ್ದ?" ಒಳ್ಳೇ ಪ್ರಶ್ನೆ. 2002ರಲ್ಲಿ ರೆಡ್‌ಸ್ಕಿನ್ಸ್ ಟೀಮು ಐದು ವರ್ಷಕ್ಕೆ 25 ಮಿಲಿಯನ್ ಡಾಲರ್ ಕೊಟ್ಟು ಕರ್ಕೊಂಡು ಹೋಯ್ತು, ಆಗ ಎನ್‌ಎಫ್‌ಎಲ್ ಕೋಚ್‌ಗಳಲ್ಲೇ ಜಾಸ್ತಿ ಸಂಬಳ. ಮೊದಲನೇ ವರ್ಷ 7 ಗೆಲುವು 9 ಸೋಲು, ಎರಡನೇ ವರ್ಷ 5 ಗೆಲುವು 11 ಸೋಲು, ರಾಜೀನಾಮೆ. ನನ್ನ ಲೆಕ್ಕ ಇಷ್ಟು: ಕಾಲೇಜಲ್ಲಿ ಒಳ್ಳೇ ಹುಡುಗರನ್ನ ಮೊದಲೇ ತನ್ನ ಟೀಮಿಗೆ ಸೇರಿಸ್ಕೋಬಹುದು, ಎನ್‌ಎಫ್‌ಎಲ್‌ನಲ್ಲಿ ಎದುರಿಗಿರೋರು ಎಲ್ಲರೂ ಒಳ್ಳೇ ಹುಡುಗರೇ. ಇವರು ಹಳೇ ಫ್ಲಾರಿಡಾ ಕ್ವಾರ್ಟರ್‌ಬ್ಯಾಕ್‌ಗಳಾದ ವರ್ಫಲ್, ಶೇನ್ ಮ್ಯಾಥ್ಯೂಸ್ ಇಬ್ಬರನ್ನೂ ಕರೆಸ್ಕೊಂಡ್ರು, ಕೆಲ್ಸ ಆಗ್ಲಿಲ್ಲ. ಬಾಲ್ ಹಿಡಿಯೋಕೆ ಜಾಸ್ತಿ ಜನರನ್ನ ಮುಂದೆ ಓಡಿಸಿದ್ರೆ ಎಸೆಯೋನನ್ನ ಕಾಯೋಕೆ ಜನ ಕಮ್ಮಿ ಆಗ್ತಾರೆ, ಪಾಪ ಆ ಟೀಮಿನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ರ‍್ಯಾಮ್ಸೆ ತಿಂದ ಏಟು ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ತಾನು ಕ್ವಾರ್ಟರ್‌ಬ್ಯಾಕ್ ಆಗಿದ್ದೋರೇ ಇದನ್ನ ಮರೆತ್ರಾ ಅಂತ ನಂಗೆ ಇವತ್ತಿಗೂ ಸಿಟ್ಟಿದೆ.

ಆದ್ರೂ ಪ್ರೊ ಲೆಕ್ಕ ಅಲ್ಲಿಗೇ ಮುಚ್ಲಿಲ್ಲ. 2019ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಇನ್ನೊಂದು ಹೊಸ ಲೀಗಿನ ಒರ್ಲ್ಯಾಂಡೋ ಅಪೋಲೋಸ್ ಟೀಮಿಗೆ ಕೋಚ್ ಆಗಿ ಬಂದ್ರು. ಆಟಗಾರರ ಇನ್ಶೂರೆನ್ಸ್ ತಕರಾರಿಗೆ ಫ್ಲಾರಿಡಾ ಟೀಮು ಜಾರ್ಜಿಯಾಗೆ ಹೋಗಿ ಪ್ರ್ಯಾಕ್ಟೀಸ್ ಮಾಡ್ಬೇಕಾಯ್ತು, ಆದ್ರೂ ಎಂಟರಲ್ಲಿ ಏಳು ಗೆದ್ರು, ಅಷ್ಟೊತ್ತಿಗೆ ಆ ಲೀಗೂ ಅರ್ಧಕ್ಕೇ ನಿಂತುಹೋಯ್ತು. ಟೇಬಲ್‌ನಲ್ಲಿ ಟಾಪ್ ಇದ್ದಿದ್ದು ನಾವೇ, ಹಂಗಾಗಿ ಚಾಂಪಿಯನ್ಸ್ ನಾವೇ ಅಂದ್ಬಿಟ್ರು ಸ್ಪರಿಯರ್. ಯಾರು ಬೇಡ ಅಂತಾರೆ!

ಮೇಲೆ ಟೆರೇಸ್‌ನಲ್ಲಿ ವೈಸರ್ಸ್ ಅಂತ ಬಾರ್ ಇದೆ. ಸಿಟ್ಟು ಬಂದಾಗೆಲ್ಲ ತಲೆ ಮೇಲಿನ ವೈಸರ್ (ಮೇಲ್ಭಾಗ ಇಲ್ಲದ, ಬರೀ ಅಂಚಿರೋ ಟೋಪಿ) ಕಿತ್ತು ನೆಲಕ್ಕೆ ಬಡಿಯೋದು ಇವರ ಟ್ರೇಡ್‌ಮಾರ್ಕು, ಹೆಸರು ಅಲ್ಲಿಂದ ಬಂದಿದ್ದು. ಸಂಜೆ ಹೊತ್ತು ಗಾಳಿ ಚೆನ್ನಾಗಿರತ್ತೆ, ಆದ್ರೆ ಬೇಸಿಗೇಲಿ ಆ ಸೆಕೆಗೆ ಹತ್ತೋಕೆ ಹೋಗ್ಬೇಡಿ. ಫ್ಲಾರಿಡಾ ಯೂನಿವರ್ಸಿಟಿ ಟೀಮು ಗೇಟರ್ಸ್ ಹೋಮ್ ಮ್ಯಾಚ್ ಇರೋ ಶನಿವಾರ ಊರೇ ತುಂಬಿರತ್ತೆ, ಮಕ್ಕಳು ಮರಿ ವಯಸ್ಸಾದೋರು ಜೊತೇಲಿದ್ರೆ ವಾರದ ಮಧ್ಯೆ ಮಧ್ಯಾಹ್ನ ಹೋಗಿ, ಕೆಳಗಡೆ ಕೂತ್ಕೊಳ್ಳಿ, ಊಟ ಆರ್ಡರ್ ಮಾಡಿ ಅದು ಬರೋದ್ರೊಳಗೆ ಒಂದು ರೌಂಡ್ ಹಾಕಿ.