ಹಿತ್ತಲ ಕೋಳಿಗಳಿಗೆ ನಿಪ್ಪಲ್ ಬಕೆಟ್: ಕೊಳ್ಳಬಹುದು, ಆದರೆ ಮುಚ್ಚಳ ನೋಡಿ

ತಟ್ಟೆಯಲ್ಲಿ ನೀರಿಟ್ಟರೆ ಕೋಳಿಗಳು ಕೆದಕಿ ಕೆದಕಿ ಕೆಸರು ಮಾಡುತ್ತವೆ. ನಿಪ್ಪಲ್ ಬಕೆಟ್ಟಿನಲ್ಲಿ ಆ ಗೋಳಿಲ್ಲ. 10 ಲೀಟರಿನ ಬಕೆಟ್, ತಳದಲ್ಲಿ ಮೂರು ನಿಪ್ಪಲ್ (ಕೋಳಿ ಪಿನ್ನನ್ನು ಕುಕ್ಕಿದಾಗ ನೀರು ಬಿಡುವ ಪುಟ್ಟ ಕವಾಟ), ಐದಾರು ಕೋಳಿಗಳಿಗೆ ಧಾರಾಳ. ಒಂದು ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು.

ಕತ್ತು ತುಸು ಮೇಲೆತ್ತಿ ಕುಕ್ಕುವಷ್ಟು ಎತ್ತರಕ್ಕೆ ತೂಗುಹಾಕಿ. ತಗ್ಗಾದರೆ ಮೈ ತಾಗಿ ನೀರು ಸುರಿದು ಹಾಸು ನೆನೆಯುತ್ತದೆ. ದೊಡ್ಡ ಲೋಪ ಮುಚ್ಚಳದ್ದು: ಗಾಳಿಯಾಡದಷ್ಟು ಬಿಗಿ. ನೀರು ಇಳಿದಂತೆ ಒಳಗೆ ನಿರ್ವಾತವಾಗಿ ನಿಪ್ಪಲ್ ಒಣಗಿಬಿಡುತ್ತದೆ. ಮೊಳೆಯಿಂದ ಒಂದು ತೂತು ಹೊಡೆದರೆ ಸರಿ. (ಇದನ್ನು ತಯಾರಕರೇ ಮಾಡಿಕೊಡಬಾರದೇ?) ತೊಟ್ಟಿಕ್ಕುತ್ತಿದ್ದರೆ ಪಿನ್ನಿನಲ್ಲಿ ಮರಳಿನ ಕಣ ಸಿಕ್ಕಿರುತ್ತದೆ, ಥ್ರೆಡ್‌ನಲ್ಲಿ ಜಿನುಗಿದರೆ ಟೆಫ್ಲಾನ್ ಟೇಪ್ ಸುತ್ತಿ.

ಬೆಳಕು ಹಾಯುವ ಬಿಳಿ ಬಕೆಟ್‌ಗೆ ಪಾಚಿ ಬೇಗ ಕಟ್ಟುತ್ತದೆ, ನೆರಳಲ್ಲಿಡಿ. ತೊಳೆದ ನೀರು ತರಕಾರಿ ಮಡಿಗೆ. ಎಲ್ಲ ಕೋಳಿಗಳೂ ಕುಕ್ಕಲು ಕಲಿಯುವವರೆಗೆ ಹಳೆಯ ತಟ್ಟೆ ತೆಗೆಯಬೇಡಿ.